ಪ್ರೊಪೆಲ್ಲರ್ ಬಿಚ್ಚಿಟ್ಟು ಶುರುಮಾಡಿ: ಟಚ್‌ಸ್ಕ್ರೀನ್ ರೇಡಿಯೊದಲ್ಲಿ ಮಾದರಿ ವಿಮಾನ ಹೊಂದಿಸುವುದು ಹೇಗೆ?

ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ವಿಮಾನ ಹಾರಿಸುವವರು ಕೈಯಲ್ಲಿ ಹಿಡಿಯುವ ಟ್ರಾನ್ಸ್‌ಮಿಟರ್‌ಗೆ ಸುಮ್ಮನೆ ‘ರೇಡಿಯೊ’ ಎನ್ನುತ್ತಾರೆ. ಹಳೆಯ ಅಗ್ಗದ ರೇಡಿಯೊಗಳಲ್ಲಿ ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್) ಉಲ್ಟಾ ತಿರುಗಿದರೆ ಮುಂಭಾಗದ ಪುಟ್ಟ ಸ್ವಿಚ್ಚನ್ನು ಉಗುರಿನಿಂದ ಆಚೆ ತಳ್ಳಿದರೆ ಕೆಲಸ ಮುಗಿಯುತ್ತಿತ್ತು. ಟಚ್‌ಸ್ಕ್ರೀನ್ ರೇಡಿಯೊದಲ್ಲಿ ಅದೇ ಕೆಲಸ ಮೆನುವಿನೊಳಗೆ ಅಡಗಿ ಕೂತಿದೆ. ಹೊಸಬರು ಮೈದಾನದಲ್ಲಿ ವಿಮಾನ ನಿಲ್ಲಿಸಿಕೊಂಡು, ಬಿಸಿಲಿಗೆ ಕಾಣದ ಪರದೆಯನ್ನು ಸವರುತ್ತಾ ಒದ್ದಾಡುವುದು ಇದರಿಂದಲೇ. ಪರದೆಯ ಕೆಲಸವನ್ನೆಲ್ಲ ಮನೆಯ ಮೇಜಿನ ಮೇಲೆ ಮುಗಿಸಿ. ಒಂದೆರಡು ಸಣ್ಣ ಪರೀಕ್ಷೆ ಬಿಟ್ಟರೆ ಮೈದಾನದಲ್ಲಿ ಅದನ್ನು ಮುಟ್ಟುವ ಪ್ರಸಂಗವೇ ಬರಬಾರದು.

ಉದಾಹರಣೆಗೆ ರೇಡಿಯೊಮಾಸ್ಟರ್ ಟಿಎಕ್ಸ್16ಎಸ್ ತೆಗೆದುಕೊಳ್ಳೋಣ. 4.3 ಇಂಚಿನ ಬಣ್ಣದ ಪರದೆ, ಒಳಗೆ ಎಡ್ಜ್‌ಟಿಎಕ್ಸ್ ಎಂಬ ಮುಕ್ತ ತಂತ್ರಾಂಶ. ಒಳಗಿನ ಮಾಡ್ಯೂಲ್‌ನಲ್ಲಿ ಎರಡು ಬಗೆ ಇದೆ: ಹಲವು ಕಂಪನಿಗಳ ರಿಸೀವರ್‌ಗಳ (ವಿಮಾನದೊಳಗೆ ಕೂತು ಸಿಗ್ನಲ್ ಹಿಡಿಯುವ ಸಾಧನಗಳ) ಜೊತೆ ಮಾತಾಡುವ ‘4-ಇನ್-1’ ಮತ್ತು 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್, ಅಂದರೆ ಇಎಲ್‌ಆರ್‌ಎಸ್. ಇಲ್ಲಿ ಹೇಳುವುದು ಇಎಲ್‌ಆರ್‌ಎಸ್ ರೇಡಿಯೊ ಬಗ್ಗೆ. ವಿಮಾನ, ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಫೋಮ್ ಬೋರ್ಡಿನಲ್ಲಿ ಮಾಡುವಂಥ ಟ್ರೇನರ್, ಅಂದರೆ ಕಲಿಕೆಯ ವಿಮಾನ: ರೆಕ್ಕೆ ಮೇಲ್ಗಡೆ, ಅಗಲ 1.2 ಮೀಟರ್ ಆಸುಪಾಸು, ಎ2212 1000 ಕೆವಿ (ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ), 9 ಗ್ರಾಂ ಸರ್ವೊ ನಾಲ್ಕು, 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಲಿಪೊ ಬ್ಯಾಟರಿ.

ಕೆಲಸ ಶುರುಮಾಡುವ ಮೊದಲು ಪ್ರೊಪೆಲ್ಲರ್ ಬಿಚ್ಚಿ ಡಬ್ಬಿಗೆ ಹಾಕಿ. ನಟ್ ಸಡಿಲ ಮಾಡಿದರೆ ಸಾಲದು, ಪೂರ್ತಿ ಬಿಚ್ಚಬೇಕು. ಮೆನುವಿನಲ್ಲಿ ಒಂದು ಗೆರೆ ಆಚೀಚೆಯಾದರೆ 10 ಇಂಚಿನ ಪ್ರೊಪೆಲ್ಲರ್ ಗಿರ್ರೆಂದು ತಿರುಗಿ ಬೆರಳು ಕತ್ತರಿಸುತ್ತದೆ.

ಬ್ಯಾಟರಿ, ಕ್ಯಾಲಿಬ್ರೇಷನ್

ರೇಡಿಯೊಗೆ ಎರಡು 18650 ಸೆಲ್ ಬೇಕು. ಪ್ಲಸ್, ಮೈನಸ್ ಗುರುತನ್ನು ಎರಡು ಸಲ ನೋಡಿ ಹಾಕಿ. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್‌ಗಳು ಕೆಲವು ಮಿ.ಮೀ. ಉದ್ದ ಇರುವುದರಿಂದ ಟ್ರೇಯಲ್ಲಿ ಕೂರದೆ ಇರಬಹುದು. ಕಡಿಮೆ ಬ್ಯಾಟರಿ ಎಚ್ಚರಿಕೆಯನ್ನು ಎಸ್‌ವೈಎಸ್ ಗುಂಡಿ ಒತ್ತಿ, ರೇಡಿಯೊ ಸೆಟಪ್ಪಿನಲ್ಲಿ 6.8 ವೋಲ್ಟ್‌ಗೆ ಇಡಿ. ಅಲ್ಲೇ ಚಾನೆಲ್‌ಗಳ ಕ್ರಮ ಎಇಟಿಆರ್ ಎಂದಿದೆಯೇ ನೋಡಿ: 1 ಏಲರಾನ್ (ರೆಕ್ಕೆಯ ಹಿಂಬದಿಯ ಪಟ್ಟಿ, ವಿಮಾನವನ್ನು ಎಡಬಲಕ್ಕೆ ವಾಲಿಸುತ್ತದೆ), 2 ಎಲಿವೇಟರ್ (ಬಾಲದ ಅಡ್ಡಪಟ್ಟಿ, ಮೂತಿಯನ್ನು ಏರಿಸಿ ಇಳಿಸುತ್ತದೆ), 3 ಥ್ರಾಟಲ್ (ಮೋಟರಿನ ವೇಗ), 4 ರಡ್ಡರ್ (ಬಾಲದ ನಿಂತ ಪಟ್ಟಿ, ಮೂತಿಯನ್ನು ಎಡಬಲಕ್ಕೆ ತಿರುಗಿಸುತ್ತದೆ). ಥ್ರಾಟಲ್ ಎಡಗೈಯಲ್ಲಿ ಬೇಕಿದ್ದರೆ ಮೋಡ್ 2.

ಆಮೇಲೆ ಹಾರ್ಡ್‌ವೇರ್ ಪುಟದಲ್ಲಿ ಕ್ಯಾಲಿಬ್ರೇಷನ್. ಸ್ಟಿಕ್‌ಗಳನ್ನು ಮಧ್ಯಕ್ಕೆ ತಂದು ಮುಂದುವರಿಸಿ, ಬಳಿಕ ನಾಲ್ಕೂ ದಿಕ್ಕಿನ ಕೊನೆಯವರೆಗೆ ನಿಧಾನವಾಗಿ ಒಯ್ಯಿರಿ. ಗುಂಡಗಿನ ನಾಬ್‌ಗಳು, ಪಕ್ಕದ ಸ್ಲೈಡರ್‌ಗಳು ಕೂಡ ಇದರಲ್ಲೇ ಸೇರಿವೆ, ಬಹಳ ಜನ ಅವನ್ನು ಮರೆಯುತ್ತಾರೆ.

ಪರದೆ ಬಳಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ: ಜಾಗ ಆರಿಸಲು ಬೆರಳು, ಅಂಕಿ ಬದಲಿಸಲು ಬಲಗಡೆಯ ತಿರುಗುಚಕ್ರ. ಬೆರಳಿನಲ್ಲೇ ಅಂಕಿ ಬದಲಿಸಲು ಹೋದರೆ 30 ಬೇಕಾದಲ್ಲಿ 38 ಬಂದು ಕೂರುತ್ತದೆ. ಯಾವ ಸ್ಟಿಕ್ ಯಾವ ಚಾನೆಲ್ಲಿಗೆ ಎಂದು ಹೇಳುವ ಮಿಕ್ಸ್ ಸಾಲನ್ನು ಮುಟ್ಟಿದಾಗ ಬರುವ ಮೆನುವಿನಲ್ಲಿ ‘ಎಡಿಟ್’ ಇರುವ ಪಟ್ಟಿಯಲ್ಲೇ ‘ಡಿಲೀಟ್’ ಕೂಡ ಇದೆ. ಹಪ್ಪಳ ಕರಿದ ಕೈ ಒರೆಸಿಕೊಂಡು ಬನ್ನಿ.

ಹೊಸ ಮಾಡೆಲ್, ಬೈಂಡಿಂಗ್

ಒಂದು ವಿಮಾನದ ಎಲ್ಲ ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವ ಫೈಲೇ ‘ಮಾಡೆಲ್’. ಮಾಡೆಲ್ ಆಯ್ಕೆಯ ಪುಟಕ್ಕೆ ಹೋಗಿ ಹೊಸ ಮಾಡೆಲ್ ಸೃಷ್ಟಿಸಿ, ಹೆಸರು ಕೊಡಿ. ಎಂಡಿಎಲ್ ಗುಂಡಿ ಒತ್ತಿದರೆ ಅದರ ಸೆಟಪ್ ಪುಟಗಳು ತೆರೆಯುತ್ತವೆ. ಇಂಟರ್ನಲ್ ಆರ್‌ಎಫ್ (ಒಳಗಿನ ಮಾಡ್ಯೂಲ್) ಎಂಬಲ್ಲಿ ಸಿಆರ್‌ಎಸ್‌ಎಫ್ ಆರಿಸಿ, ಇಎಲ್‌ಆರ್‌ಎಸ್ ಮಾಡ್ಯೂಲ್ ಜೊತೆ ರೇಡಿಯೊ ಮಾತಾಡುವ ಭಾಷೆ ಅದು. ರಿಸೀವರ್ ನಂಬರ್ ಪ್ರತಿ ವಿಮಾನಕ್ಕೂ ಬೇರೆ ಇರಲಿ.

ಈಗ ರಿಸೀವರ್. ಬೈಂಡ್, ಅಂದರೆ ರೇಡಿಯೊ ಜೊತೆ ಜೋಡಿಯಾಗುವ ಸ್ಥಿತಿಗೆ ತರಲು ರಿಸೀವರ್‌ಗೆ ವಿದ್ಯುತ್ ಕೊಟ್ಟು ಒಂದು ಸೆಕೆಂಡಿನಲ್ಲಿ ತೆಗೆಯಿರಿ, ಮತ್ತೆ ಕೊಟ್ಟು ತೆಗೆಯಿರಿ, ಮೂರನೇ ಸಲ ಕೊಟ್ಟು ಹಾಗೇ ಬಿಡಿ. ಎಲ್‌ಇಡಿ ಎರಡೆರಡು ಸಲ ಮಿನುಗುತ್ತದೆ. ರೇಡಿಯೊದಲ್ಲಿ ಎಸ್‌ವೈಎಸ್, ಟೂಲ್ಸ್, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂದು ಹೋಗಿ ‘ಬೈಂಡ್’ ಒತ್ತಿ. ಎಲ್‌ಇಡಿ ಮಿನುಗದೆ ನಿಂತು ಉರಿದರೆ ಜೋಡಿ ಕೂಡಿದೆ.

ಕೂಡದಿದ್ದರೆ ಕಾರಣ ಹೆಚ್ಚಾಗಿ ಎರಡೇ. ರೇಡಿಯೊದಲ್ಲಿ ಇಎಲ್‌ಆರ್‌ಎಸ್ 3ನೇ ಆವೃತ್ತಿ, ರಿಸೀವರ್‌ನಲ್ಲಿ 2ನೆಯದು ಇದ್ದರೆ ಎಷ್ಟು ಗುದ್ದಾಡಿದರೂ ಆಗದು. ಮೊದಲ ಅಂಕಿ ಒಂದೇ ಇರಬೇಕು. ಎರಡನೆಯದು, ಸಿಗ್ನಲ್ ಸಿಗದೆ ಒಂದು ನಿಮಿಷವಾದರೆ ರಿಸೀವರ್ ತಾನಾಗಿ ವೈ-ಫೈ ಸ್ಥಿತಿಗೆ ಜಾರಿ ಎಲ್‌ಇಡಿ ಪಟಪಟನೆ ಮಿನುಗುತ್ತದೆ. ವಿದ್ಯುತ್ ತೆಗೆದು ಮೊದಲಿನಿಂದ ಮಾಡಿ.

ಬೈಂಡ್ ಆದ ಮೇಲೆ ಅದೇ ಟೂಲ್‌ನಲ್ಲಿ ‘ಮಾಡೆಲ್ ಮ್ಯಾಚ್’ ಆನ್ ಮಾಡಿ. ಆಗ ಬೇರೆ ವಿಮಾನದ ಮಾಡೆಲ್ ತೆರೆದುಕೊಂಡು ಈ ವಿಮಾನವನ್ನು ಹಾರಿಸಲು ಬರುವುದಿಲ್ಲ. ಎರಡನೇ ವಿಮಾನ ಕೊಂಡ ದಿನ ಇದರ ಬೆಲೆ ತಿಳಿಯುತ್ತದೆ.

ಐದನೇ ಚಾನೆಲ್ ಬಿಟ್ಟುಬಿಡಿ

ವೈರ್ ಜೋಡಿಸುವಾಗ ಹೊಸಬರು ಎಡವುವ ಜಾಗ ಇದು. ಏಲರಾನ್‌ಗೆ ಎರಡು ಸರ್ವೊ ಇದ್ದರೆ ಒಂದನ್ನು 1ಕ್ಕೆ, ಇನ್ನೊಂದನ್ನು ಸಹಜವಾಗಿ ಖಾಲಿ ಇರುವ 5ಕ್ಕೆ ಚುಚ್ಚುತ್ತಾರೆ. ಇಎಲ್‌ಆರ್‌ಎಸ್‌ನ ಸಾಮಾನ್ಯ ಸ್ಥಿತಿಗಳಲ್ಲಿ 5ನೇ ಚಾನೆಲ್‌ಗೆ ಇರುವುದು ಎರಡೇ ಸ್ಥಾನ, ಮೇಲೆ ಅಥವಾ ಕೆಳಗೆ. ನಡುವಿನದು ಇಲ್ಲ. ಅದಕ್ಕೆ ಸಿಕ್ಕಿಸಿದ ಏಲರಾನ್ ಮಧ್ಯದಲ್ಲಿ ನಿಲ್ಲದೆ ಒಂದು ತುದಿಯಿಂದ ಇನ್ನೊಂದಕ್ಕೆ ಟಕ್ಕನೆ ಜಿಗಿಯುತ್ತದೆ. ಸರ್ವೊ ಕೆಟ್ಟಿದೆ ಎಂದುಕೊಂಡು ಹೊಸದು ತರಿಸಿದರೆ ಅದೂ ಹಾಗೇ ಮಾಡುತ್ತದೆ. ಎರಡನೇ ಏಲರಾನ್ 6ಕ್ಕೆ ಹೋಗಲಿ. ಮಿಕ್ಸಸ್ ಪುಟದಲ್ಲಿ 6ನೇ ಚಾನೆಲ್‌ಗೆ ಏಲರಾನ್ ಇನ್‌ಪುಟ್ ಸೇರಿಸಿ. 5ಕ್ಕೆ ರೇಡಿಯೊದ ಮೇಲಿನ ಎಸ್‌ಎಫ್ ಎಂಬ ಸ್ವಿಚ್ ಕೊಡಿ. ಇಎಲ್‌ಆರ್‌ಎಸ್ ಅದನ್ನು ‘ಆರ್ಮ್’, ಅಂದರೆ ಹಾರಾಟಕ್ಕೆ ಸಿದ್ಧ ಎಂಬ ಸೂಚನೆಯಾಗಿ ಓದುತ್ತದೆ.

ಇನ್ನು ದಿಕ್ಕು. ವಿಮಾನದ ಬಾಲದ ಹಿಂದೆ ನಿಂತು ನೋಡಿ. ಮೇಜಿನ ಮೇಲೆ ವಿಮಾನದ ಮೂತಿ ನಿಮ್ಮ ಕಡೆಗಿದ್ದರೆ ಎಡಬಲ ಅದಲುಬದಲಾಗಿ, ಸರಿಯಾಗಿರುವುದನ್ನೇ ನೀವು ಉಲ್ಟಾ ಮಾಡಿಟ್ಟುಬಿಡುತ್ತೀರಿ. ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲ ಏಲರಾನ್ ಏಳಬೇಕು, ಎಡದ್ದು ಇಳಿಯಬೇಕು: ಸ್ಟಿಕ್ ಯಾವ ಕಡೆ ವಾಲಿತೋ ಆ ಕಡೆಯ ಏಲರಾನ್ ಮೇಲೆ. ಎಲಿವೇಟರ್ ಸ್ಟಿಕ್ಕನ್ನು ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ರಡ್ಡರ್ ಬಲಕ್ಕೆ ಅಂದರೆ ಬಲಕ್ಕೆ. ತಪ್ಪಿದ್ದನ್ನು ಔಟ್‌ಪುಟ್ಸ್ ಪುಟದಲ್ಲಿ ಇನ್ವರ್ಟ್ ಮಾಡಿ. ಮಿಕ್ಸ್‌ನಲ್ಲಿ ಮೈನಸ್ 100 ಹಾಕಿಯೂ ತಿರುಗಿಸಬಹುದು. ಆದರೆ ಎರಡೂ ಕಡೆ ಕೈಯಾಡಿಸಿದರೆ ಮುಂದೆ ಯಾವುದು ಯಾವುದನ್ನು ತಿರುಗಿಸಿತೆಂದು ನಿಮಗೇ ತಿಳಿಯದು.

ಸರ್ವೊದ ಕೈ ಸರಿಯಾಗಿ ಲಂಬವಾಗಿ ನಿಲ್ಲದಿದ್ದರೆ ಕೂಡಲೇ ಸಬ್‌ಟ್ರಿಮ್‌ಗೆ (ಸರ್ವೊದ ಮಧ್ಯವನ್ನು ಮೆನುವಿನಲ್ಲೇ ಸರಿಸುವ ಅಂಕಿ) ಓಡಬೇಡಿ. ಸ್ಕ್ರೂ ಬಿಚ್ಚಿ, ಕೈಯನ್ನು ಒಂದು ಹಲ್ಲು ಆಚೆ ಕೂರಿಸಿ, ಅದಕ್ಕೆ ಸಿಕ್ಕಿಸಿದ ತಳ್ಳುತಂತಿಯ ಉದ್ದ ಸರಿಮಾಡಿ. ಉಳಿದ ಚೂರುಪಾರಿಗೆ ಮಾತ್ರ ಸಬ್‌ಟ್ರಿಮ್. ಅದನ್ನು ಅತಿಯಾಗಿ ಕೊಟ್ಟರೆ ಏಲರಾನ್ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ.

ಮೋಟರ್‌ಗೆ ಬೀಗ, ಪರದೆಗೂ ಬೀಗ

ಎಸ್‌ಎಫ್ ಎರಡೇ ಸ್ಥಾನದ ಸ್ವಿಚ್. ಮೇಲಿದ್ದರೆ ಮೋಟರ್ ಬಂದ್, ಕೆಳಗಿದ್ದರೆ ಚಾಲೂ ಎಂದು ನಿಗದಿ ಮಾಡಿಕೊಳ್ಳಿ. ಸ್ಪೆಷಲ್ ಫಂಕ್ಷನ್ಸ್ ಪುಟದ ಮೊದಲ ಸಾಲಿನಲ್ಲಿ ಸ್ವಿಚ್ ‘ಎಸ್‌ಎಫ್ ಮೇಲೆ’, ಕೆಲಸ ‘ಓವರ್‌ರೈಡ್ ಸಿಎಚ್3’ (ಸ್ಟಿಕ್ ಎಲ್ಲಿದ್ದರೂ 3ನೇ ಚಾನೆಲ್ಲಿಗೆ ನಾವು ಹೇಳಿದ ಅಂಕಿಯೇ ಹೋಗಲಿ ಎಂದು), ಮೌಲ್ಯ ಮೈನಸ್ 100. ಕೊನೆಯಲ್ಲಿ ಎನೇಬಲ್ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಎಸ್‌ಎಫ್ ಮೇಲಿಟ್ಟು ಥ್ರಾಟಲ್ ಪೂರ್ತಿ ಏರಿಸಿ ನೋಡಿ, ಮೋಟರ್ ಅಲುಗಾಡಕೂಡದು. ಔಟ್‌ಪುಟ್ಸ್‌ನಲ್ಲಿ 3ನೇ ಚಾನೆಲ್ಲನ್ನು ಇನ್ವರ್ಟ್ ಮಾಡಿದ್ದರೆ ಮಾತ್ರ ಎಚ್ಚರ: ಓವರ್‌ರೈಡ್ ಅಂಕಿ ಇನ್ವರ್ಟ್ ಲೆಕ್ಕಕ್ಕೆ ಸಿಗದೆ ನೇರ ಹೊರಗೆ ಹೋಗುತ್ತದೆ, ಬೀಗವೇ ಪೂರ್ತಿ ವೇಗದ ಆಜ್ಞೆಯಾಗಿಬಿಡುತ್ತದೆ. ಪ್ರೊಪೆಲ್ಲರ್ ಡಬ್ಬಿಯಲ್ಲಿರಲಿ ಎಂದದ್ದು ಇಂಥದ್ದಕ್ಕೇ.

ಎರಡನೇ ಸಾಲಿನಲ್ಲಿ ಸ್ವಿಚ್ ‘ಎಸ್‌ಎಫ್ ಕೆಳಗೆ’, ಕೆಲಸ ‘ಡಿಸೇಬಲ್ ಟಚ್’. ಮೋಟರ್ ಚಾಲೂ ಇರುವಷ್ಟು ಹೊತ್ತು ಪರದೆ ಸತ್ತಂತೆ. ಕತ್ತುಪಟ್ಟಿಯ ಕೊಕ್ಕೆ, ಹಣೆಯಿಂದ ಜಾರಿದ ಬೆವರಿನ ಹನಿ, ಪಕ್ಕದಲ್ಲಿ ನಿಂತ ಮಗುವಿನ ಕುತೂಹಲದ ಬೆರಳು, ಯಾವುದಕ್ಕೂ ಅದು ಓಗೊಡುವುದಿಲ್ಲ. ಟಚ್‌ಸ್ಕ್ರೀನ್ ರೇಡಿಯೊ ಕೊಂಡವರಲ್ಲಿ ಹಲವರಿಗೆ ಈ ಸೌಲಭ್ಯ ಇರುವುದೇ ಗೊತ್ತಿಲ್ಲ.

ಸೆಟಪ್ ಪುಟದ ಪ್ರೀ-ಫ್ಲೈಟ್ ಚೆಕ್‌ನಲ್ಲಿ ಥ್ರಾಟಲ್ ಎಚ್ಚರಿಕೆಯನ್ನೂ ಎಸ್‌ಎಫ್ ಮೇಲಿರಬೇಕೆಂಬ ಷರತ್ತನ್ನೂ ಹಾಕಿ. ಎರಡರಲ್ಲಿ ಒಂದು ತಪ್ಪಿದ್ದರೂ ರೇಡಿಯೊ ಆನ್ ಮಾಡುವಾಗಲೇ ತಗಾದೆ ತೆಗೆಯುತ್ತದೆ.

ಇಎಸ್‌ಸಿಗೆ ಥ್ರಾಟಲ್‌ನ ಅಳತೆ ಕಲಿಸುವುದೂ ಈಗಲೇ. ರೇಡಿಯೊ ಮೊದಲು ಆನ್ ಮಾಡಿ, ಎಸ್‌ಎಫ್ ಕೆಳಗೆ, ಥ್ರಾಟಲ್ ಪೂರ್ತಿ ಮೇಲೆ. ವಿಮಾನಕ್ಕೆ ಬ್ಯಾಟರಿ ಜೋಡಿಸಿ. ಬೀಪ್ ಕೇಳಿದ ಕೂಡಲೇ ಥ್ರಾಟಲ್ ಪೂರ್ತಿ ಕೆಳಗೆ. ಇದನ್ನು ಮಾಡದಿದ್ದರೆ ಸ್ಟಿಕ್ ಅರ್ಧ ಬಂದರೂ ಮೋಟರ್ ಸುಮ್ಮನಿರುವುದು, ಆಮೇಲೆ ಧಡಕ್ಕನೆ ಎದ್ದೇಳುವುದು ಆಗುತ್ತದೆ.

ಮೆದು ಕೈ

ಇನ್‌ಪುಟ್ಸ್ ಪುಟದಲ್ಲಿ ಏಲರಾನ್‌ಗೂ ಎಲಿವೇಟರ್‌ಗೂ ಎರಡೆರಡು ಸಾಲು ಬರೆಯಿರಿ. ಎಸ್‌ಸಿ ಸ್ವಿಚ್ ಮೇಲಿದ್ದಾಗ ವೇಟ್ (ಪೂರ್ತಿ ಚಲನೆಯಲ್ಲಿ ಶೇಕಡಾ ಎಷ್ಟು ಸಿಗಬೇಕು ಎಂಬುದು) 60, ಎಕ್ಸ್‌ಪೊ 30. ಉಳಿದ ಸ್ಥಾನಗಳಿಗೆ ವೇಟ್ 100, ಎಕ್ಸ್‌ಪೊ 30. ಎಕ್ಸ್‌ಪೊ ಅಂದರೆ ಸ್ಟಿಕ್ ನಡುವಿನಲ್ಲಿರುವಾಗ ಚಲನೆ ಮೆದುವಾಗುವುದು, ತುದಿಯಲ್ಲಿ ಪೂರ್ತಿ ಸಿಗುವುದು. ಎಡ್ಜ್‌ಟಿಎಕ್ಸ್ ಮೇಲಿನಿಂದ ಓದುತ್ತಾ ಮೊದಲು ಹೊಂದುವ ಸಾಲನ್ನೇ ಹಿಡಿಯುತ್ತದೆ. ಸ್ವಿಚ್ ಇಲ್ಲದ ಸಾಲು ಮೇಲಿದ್ದರೆ ಕೆಳಗಿನದು ಎಂದೂ ಕೆಲಸಕ್ಕೆ ಬಾರದು. ಸ್ಕೇಲ್ ಹಿಡಿದು ಅಳೆಯಿರಿ: ಈ ಗಾತ್ರದ ಟ್ರೇನರ್‌ಗೆ ಏಲರಾನ್, ಎಲಿವೇಟರ್ ಎರಡೂ ಮೇಲೆ ಕೆಳಗೆ ತಲಾ 10–12 ಮಿ.ಮೀ. ಚಲಿಸಿದರೆ ಮೊದಲ ಹಾರಾಟಕ್ಕೆ ಸಾಕು.

ಟೈಮರ್ 6 ನಿಮಿಷ, ಥ್ರಾಟಲ್ ಏರಿಸಿದಾಗ ಮಾತ್ರ ಓಡುವಂತೆ ಟಿಎಚ್‌ಎಸ್ ಆರಿಸಿ. 2200ರಲ್ಲಿ ಶೇ 80 ಎಂದರೆ 1760 ಎಂಎಎಚ್ ಬಳಸಬಹುದು. ಸರಾಸರಿ 12 ಆಂಪಿಯರ್ ಎಳೆದರೆ ಹೆಚ್ಚೂಕಡಿಮೆ ಒಂಬತ್ತು ನಿಮಿಷ. ಗಾಳಿ ಇರುವ ದಿನ ಹೆಚ್ಚು ಎಳೆಯುತ್ತದೆ, ಇಳಿಸುವ ಯತ್ನ ಎರಡು ಸಲ ತಪ್ಪಿದರೂ ಚಾರ್ಜ್ ಉಳಿದಿರಬೇಕು, ಅದಕ್ಕೆ ಆರು.

ಸಿಗ್ನಲ್ ಹೋದರೆ ಏನಾಗಬೇಕು?

ಇದಕ್ಕೆ ಉತ್ತರ ಫೇಲ್‌ಸೇಫ್. ಪ್ರತಿ ಸರ್ವೊಗೂ ನೇರ ಪಿನ್ ಇರುವ ಇಎಲ್‌ಆರ್‌ಎಸ್ ರಿಸೀವರ್‌ಗಳಲ್ಲಿ ಇದು ಕೂತಿರುವುದು ರಿಸೀವರ್‌ನೊಳಗೆ. ರೇಡಿಯೊ ಆಫ್ ಇಟ್ಟು ರಿಸೀವರ್‌ಗೆ ವಿದ್ಯುತ್ ಕೊಟ್ಟು ಒಂದು ನಿಮಿಷ ಕಾಯಿರಿ. ಫೋನಿನಲ್ಲಿ ‘ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಆರ್‌ಎಕ್ಸ್’ ಎಂಬ ವೈ-ಫೈ ಕಾಣುತ್ತದೆ. ಪಾಸ್‌ವರ್ಡ್ ‘ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್’, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಜಾಗ ಬಿಡದೆ. ಬ್ರೌಸರ್‌ನಲ್ಲಿ 10.0.0.1 ತೆರೆದು ಪ್ರತಿ ಔಟ್‌ಪುಟ್‌ನ ಫೇಲ್‌ಸೇಫ್ ನೋಡಿ. ಥ್ರಾಟಲ್‌ಗೆ 988 (ತೀರಾ ಕೆಳಗೆ), ಉಳಿದವಕ್ಕೆ 1500 (ಮಧ್ಯ). ‘ಲಾಸ್ಟ್ ಪೊಸಿಷನ್’ ಥ್ರಾಟಲ್‌ಗೆ ಎಂದೂ ಬೇಡ: ಕೊನೆಗೆ ಸಿಕ್ಕ ಆಜ್ಞೆ ಮುಕ್ಕಾಲು ವೇಗವಾಗಿದ್ದರೆ ವಿಮಾನ ಅದೇ ವೇಗದಲ್ಲಿ ಊರು ಬಿಟ್ಟು ಹೋಗುತ್ತದೆ.

ಪರೀಕ್ಷೆ ಸುಲಭ. ಪ್ರೊಪೆಲ್ಲರ್ ಇಲ್ಲದೆ ಥ್ರಾಟಲ್ ಕಾಲುಭಾಗ ಏರಿಸಿ ಮೋಟರ್ ತಿರುಗಿಸಿ, ರೇಡಿಯೊ ಆಫ್ ಮಾಡಿ. ಒಂದೆರಡು ಸೆಕೆಂಡಿನಲ್ಲಿ ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಆ ವಿಮಾನ ಮನೆಯಲ್ಲೇ ಇರಲಿ.

ಮೈದಾನಕ್ಕೆ ಹೋದಾಗ

ಹೊರಡುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಜಾಗ ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಅಂಚಿನಿಂದ 8–12 ಕಿ.ಮೀ. ನಡುವೆ 200 ಅಡಿ ಮಾತ್ರ. ಬೆಂಗಳೂರಿನವರಿಗೆ ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಲ್ಲವೂ ಈ ಲೆಕ್ಕಕ್ಕೆ ಅಡ್ಡ ಬರುತ್ತವೆ. ಮನೆ ಹತ್ತಿರದ ಮೈದಾನ ಎಂಬ ಕಾರಣಕ್ಕೆ ಹಾರಿಸಲು ಹೊರಡಬೇಡಿ.

ಪರದೆಯ ಬೆಳಕನ್ನು ಪೂರ್ತಿ ಏರಿಸಿ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದರೆ ಕೆಲವು ಕೋನದಲ್ಲಿ ಪರದೆ ಕಪ್ಪಗೆ ಕಾಣುತ್ತದೆ, ಕೆಟ್ಟಿತೆಂದು ಗಾಬರಿಯಾಗಬೇಡಿ. ಆಂಟೆನಾದ ತುದಿಯನ್ನು ವಿಮಾನದತ್ತ ಗುರಿ ಹಿಡಿಯಬೇಡಿ, ಸಿಗ್ನಲ್ ಅತ್ಯಂತ ದುರ್ಬಲ ಇರುವುದು ಆ ತುದಿಯ ನೇರದಲ್ಲೇ, ಅಡ್ಡಕ್ಕೆ ಬಾಗಿಸಿ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಟೂಲ್‌ನಲ್ಲಿ ಪವರ್ 10 ಮಿಲಿವ್ಯಾಟ್‌ಗೆ ಇಳಿಸಿ, ವಿಮಾನವನ್ನು ಗೆಳೆಯನ ಕೈಗೆ ಕೊಟ್ಟು ಐವತ್ತು ಹೆಜ್ಜೆ ದೂರ ನಡೆದು ಸರ್ವೊಗಳನ್ನು ಆಡಿಸಿ. ವಿಮಾನ ವಾಪಸು ಕಳಿಸುವ ಮಾಹಿತಿಯಾದ ಟೆಲಿಮೆಟ್ರಿಯಲ್ಲಿ ಆರ್‌ಕ್ಯೂಎಲ್‌ವೈ (ಸಂಪರ್ಕದ ಗುಣಮಟ್ಟ, ಶೇಕಡಾದಲ್ಲಿ) ನೂರರ ಹತ್ತಿರವೇ ಇರಬೇಕು. ಅಲ್ಲೇ 70ಕ್ಕೆ ಇಳಿದರೆ ರಿಸೀವರ್‌ನ ಆಂಟೆನಾ ಬ್ಯಾಟರಿಯ ಪಕ್ಕ ಮಡಚಿಕೊಂಡಿದೆಯೇ ನೋಡಿ. ಪರೀಕ್ಷೆ ಮುಗಿದ ಮೇಲೆ ಪವರ್ 100ಕ್ಕೆ ಏರಿಸಲು ಮರೆಯಬೇಡಿ, ಇದನ್ನು ಮರೆತವರೇ ಜಾಸ್ತಿ.

ಪ್ರೊಪೆಲ್ಲರ್ ಈಗ ಹಾಕಿ. ರೇಡಿಯೊ ಮೊದಲು, ವಿಮಾನದ ಬ್ಯಾಟರಿ ಆಮೇಲೆ. ಬಾಲದ ಹಿಂದೆ ನಿಂತು ದಿಕ್ಕುಗಳನ್ನು ಇನ್ನೊಮ್ಮೆ ನೋಡಿ, ಗಾಳಿಗೆ ಎದುರಾಗಿ ಹಿಡಿದು, ಎಸ್‌ಎಫ್ ಕೆಳಗೆ ಮಾಡಿ.

ಹಾರುವಾಗ ವಿಮಾನ ಒಂದು ಕಡೆ ವಾಲಿದರೆ ಸ್ಟಿಕ್ ಪಕ್ಕದ ಟ್ರಿಮ್ ಗುಂಡಿಗಳನ್ನು ಟಿಕ್ ಟಿಕ್ ಎಂದು ಒತ್ತಿ ಸರಿಮಾಡಿ. ಇಳಿಸಿದ ಮೇಲೆ ಬಿಚ್ಚುವ ಕ್ರಮ ತಿರುಗುಮುರುಗು: ಎಸ್‌ಎಫ್ ಮೇಲೆ, ವಿಮಾನದ ಬ್ಯಾಟರಿ ತೆಗೆದು, ಕೊನೆಗೆ ರೇಡಿಯೊ. ರೇಡಿಯೊವನ್ನು ಪವರ್ ಗುಂಡಿ ಒತ್ತಿಯೇ ಆಫ್ ಮಾಡಿ, ಸೆಲ್ ಕಿತ್ತಲ್ಲ. ಬದಲಾವಣೆಗಳು ಕಾರ್ಡಿಗೆ ಬರೆದುಕೊಳ್ಳಲು ಸಮಯ ಬೇಕು. ಮನೆಗೆ ಬಂದು ಟ್ರಿಮ್ ಎಷ್ಟು ಸರಿದಿದೆ ನೋಡಿ. ಜಾಸ್ತಿ ಇದ್ದರೆ ತಂತಿಯ ಉದ್ದದಲ್ಲೇ ಸರಿಪಡಿಸಿ ಟ್ರಿಮ್ಮನ್ನು ಮಧ್ಯಕ್ಕೆ ತನ್ನಿ. ಆಮೇಲೆ ಮೆಮೊರಿ ಕಾರ್ಡಿನ ಮಾಡೆಲ್ಸ್ ಫೋಲ್ಡರ್ ತೆರೆದು, ಆ ವಿಮಾನದ ಫೈಲನ್ನು ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ.