75 ಕೂಡಿಸು 75 ಅಂದರೆ 7575 ಯಾಕೆ ಬರುತ್ತದೆ? ಸ್ಟ್ರಿಂಗ್ ಮತ್ತು ನಂಬರ್ ಬದಲಾಯಿಸುವ ಬಗೆ

ಗಂಗಾವತಿ ಕಡೆ ಭತ್ತದ ಒಂದು ಚೀಲ ಅಂದರೆ 75 ಕಿಲೋ ಲೆಕ್ಕ. ಪರಿಚಯದ ಒಂದು ದಲಾಲಿ ಅಂಗಡಿಗೆ ಪಟ್ಟಿ ಬರೆಯುವ ಸಣ್ಣ ಪ್ರೋಗ್ರಾಂ ಮಾಡಿಕೊಟ್ಟಿದ್ದೆ, ಜಾವಾಸ್ಕ್ರಿಪ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೊದಲನೇ ದಿನವೇ ಎರಡು ಚೀಲದ ತೂಕ 7575 ಕಿಲೋ ಅಂತ ತೋರಿಸಿತು. ಸಾಹುಕಾರರು ಕನ್ನಡಕ ಮೇಲೆ ಏರಿಸಿ, "ಏನಪ್ಪಾ, ಲಾರಿ ಸಮೇತ ತೂಗಿದೆಯಾ?" ಅಂದರು. ತಪ್ಪು ನನ್ನದೇ.

ಪರದೆಯ ಖಾನೆಯಲ್ಲಿ ನೀವು ಏನೇ ಟೈಪ್ ಮಾಡಿದರೂ ಅದು ಕೋಡ್‌ಗೆ ಬರುವುದು ಸ್ಟ್ರಿಂಗ್ ಆಗಿಯೇ, ಅಂದರೆ ಬರೀ ಅಕ್ಷರಗಳ ಸಾಲಾಗಿ. ಖಾನೆಗೆ "ನಂಬರ್" ಅಂತ ಟೈಪ್ ಕೊಟ್ಟಿದ್ದರೂ ಅಷ್ಟೇ, ಅದರ ವ್ಯಾಲ್ಯೂ ಸ್ಟ್ರಿಂಗೇ. ಸ್ಟ್ರಿಂಗ್‌ಗೆ ಪ್ಲಸ್ ಹಾಕಿದರೆ ಜಾವಾಸ್ಕ್ರಿಪ್ಟ್ ಜೋಡಿಸುತ್ತದೆ, ಕೂಡಿಸುವುದಿಲ್ಲ. ಮಜಾ ಏನಂದರೆ ಮೈನಸ್ ಹಾಕಿದರೆ ಅದೇ ಸ್ಟ್ರಿಂಗ್ ಅನ್ನು ಸುಮ್ನೆ ನಂಬರ್ ಮಾಡಿಕೊಂಡು ಕಳೆಯುತ್ತದೆ. ಹಾಗಾಗಿ ಖಾಲಿ ಚೀಲದ ತೂಕ ಕಳೆಯುವ ಲೆಕ್ಕ ಸರಿ ಬಂದಿತ್ತು, ಒಟ್ಟು ತೂಕ ಮಾತ್ರ ಕೆಟ್ಟಿತ್ತು. ಅರ್ಧ ಸರಿ ಬರುವ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದೇ ಜಾಸ್ತಿ ಕಷ್ಟ.

ಒಳಗೆ ಎಂಜಿನ್ (ನಮ್ಮ ಕೋಡ್ ಓಡಿಸುವ ತಂತ್ರಾಂಶ) ಏನು ಮಾಡುತ್ತದೆ ಅಂತ ಒಮ್ಮೆ ನೋಡಿದರೆ ಭಯ ಹೋಗುತ್ತದೆ. "472" ಅನ್ನುವುದು ಅದಕ್ಕೆ ಮೂರು ಅಕ್ಷರ, ಅವುಗಳ ಕೋಡ್, ಅಂದರೆ ಕಂಪ್ಯೂಟರ್ ಆ ಅಕ್ಷರಗಳಿಗೆ ಇಟ್ಟುಕೊಂಡ ಸಂಖ್ಯೆ, 52, 55, 50. ಸೊನ್ನೆಯ ಕೋಡ್ 48. ಪ್ರತಿ ಅಕ್ಷರದಿಂದ 48 ಕಳೆದರೆ 4, 7, 2 ಸಿಗುತ್ತದೆ. ಇದುವರೆಗಿನ ಮೊತ್ತವನ್ನು ಹತ್ತರಿಂದ ಗುಣಿಸು, ಹೊಸ ಅಂಕಿ ಸೇರಿಸು: 4, ಆಮೇಲೆ 47, ಆಮೇಲೆ 472. ವಾಪಸ್ ಸ್ಟ್ರಿಂಗ್ ಮಾಡುವಾಗ ಉಲ್ಟಾ: ಹತ್ತರಿಂದ ಭಾಗಿಸುತ್ತಾ ಶೇಷಗಳನ್ನು ತೆಗೆದು ತಿರುಗಿಸಿ ಬರೆಯುವುದು.

ದಶಾಂಶಕ್ಕೆ ಬಂದರೆ ಇಷ್ಟು ಸಲೀಸಲ್ಲ. 0.1 ಬೈನರಿಯಲ್ಲಿ (ಕಂಪ್ಯೂಟರ್‌ನ ಬರೀ 0 ಮತ್ತು 1 ರ ಲೆಕ್ಕದಲ್ಲಿ) ಪೂರ್ತಿ ಹಿಡಿಸುವುದಿಲ್ಲ, ಹತ್ತಿರದ ಬೆಲೆ ಮಾತ್ರ ಉಳಿಯುತ್ತದೆ. ತೋರಿಸುವಾಗ ಎಂಜಿನ್, ವಾಪಸ್ ಓದಿದರೆ ಅದೇ ಬೆಲೆ ಸಿಗುವಂಥ ಅತಿ ಚಿಕ್ಕ ಬರಹ ಹುಡುಕಿ "0.1" ಅನ್ನುತ್ತದೆ. 0.1 ಮತ್ತು 0.2 ಕೂಡಿಸಿದಾಗ 0.30000000000000004 ಬರುವುದು ಇದೇ ಕಾರಣಕ್ಕೆ.

ಈಗ ಕೆಲಸಕ್ಕೆ ಬರೋಣ. (ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ.) ಸ್ಟ್ರಿಂಗ್‌ನಿಂದ ನಂಬರ್‌ಗೆ ಮುಖ್ಯವಾಗಿ ಎರಡು ದಾರಿ: ನಂಬರ್ ಮತ್ತು ಪಾರ್ಸ್‌ಇಂಟ್ ಅನ್ನುವ ಫಂಕ್ಷನ್‌ಗಳು. ಪಾರ್ಸ್‌ಇಂಟ್ ಎಲ್ಲಿಯವರೆಗೆ ಅಂಕಿ ಸಿಗುತ್ತದೋ ಅಲ್ಲಿಯವರೆಗೆ ಓದಿ ನಿಲ್ಲಿಸುತ್ತದೆ. "75 ಕೆಜಿ" ಕೊಟ್ಟರೆ 75, ಒಳ್ಳೆಯದೇ ಅನಿಸುತ್ತದೆ ಅಲ್ವಾ? "1,250" ಕೊಟ್ಟು ನೋಡಿ. ಉತ್ತರ 1. ಒಂದು ದೂರೂ ಇಲ್ಲದೆ ರೈತನ 1,249 ರೂಪಾಯಿ ಮಾಯ! ನಂಬರ್ ಇಂಥದ್ದಕ್ಕೆ ನ್ಯಾನ್, ಅಂದರೆ "ಇದು ಸಂಖ್ಯೆ ಅಲ್ಲ" ಅನ್ನುತ್ತದೆ, ಅದೇ ವಾಸಿ. ಆದರೆ ಅದಕ್ಕೂ ಒಂದು ಕೆಟ್ಟ ಚಾಳಿ ಇದೆ, ಖಾಲಿ ಸ್ಟ್ರಿಂಗ್ ಕೊಟ್ಟರೆ ಸೊನ್ನೆ ಕೊಡುತ್ತದೆ.

ಹಾಗಾಗಿ ನಾನು ಮಾಡುವುದು ಹೀಗೆ: ಮೊದಲು ಟ್ರಿಮ್ ಮಾಡಿ ಆಚೀಚಿನ ಜಾಗ ತೆಗೆಯಿರಿ, ಖಾಲಿ ಇದ್ದರೆ ಅಲ್ಲೇ ನಿಲ್ಲಿಸಿ "ತೂಕ ಹಾಕಿಲ್ಲ" ಅನ್ನಿ, ಅಲ್ಪವಿರಾಮಗಳನ್ನು ತೆಗೆಯಿರಿ, ನಂಬರ್‌ಗೆ ಕೊಡಿ, ಬಂದದ್ದನ್ನು ನಂಬರ್ ಡಾಟ್ ಈಸ್‌ಫೈನೈಟ್‌ನಿಂದ ಪರೀಕ್ಷಿಸಿ. ನ್ಯಾನ್ ತನಗೆ ತಾನೇ ಸಮ ಅಲ್ಲ, ಆದ್ದರಿಂದ ಸಮ ಚಿಹ್ನೆ ಹಾಕಿ ಹುಡುಕಬೇಡಿ. ಈ ಕೆಲಸ ಒಂದೇ ಸಲ, ಖಾನೆಯಿಂದ ಓದಿದ ತಕ್ಷಣ ಆಗಬೇಕು. ಲೆಕ್ಕದ ಮಧ್ಯೆ ಅಲ್ಲಲ್ಲಿ ಬದಲಾಯಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಮರೆಯುತ್ತೀರಿ.

ಪೈಥಾನ್ ಅನ್ನುವ ಇನ್ನೊಂದು ಭಾಷೆ ಇದರಲ್ಲಿ ಕಟ್ಟುನಿಟ್ಟು. "75" ಗೆ 75 ಕೂಡಿಸಿ ಅಂದರೆ ಎರರ್ ಕೊಟ್ಟು ನಿಲ್ಲುತ್ತದೆ. ಪೂರ್ಣಾಂಕ ಮಾಡುವ ಇಂಟ್‌ಗೆ "12.5" ಕೊಟ್ಟರೂ ಒಪ್ಪುವುದಿಲ್ಲ, ದಶಾಂಶಕ್ಕೆ ಫ್ಲೋಟ್ ಬೇಕು.

ಇನ್ನೊಂದು ಸಮಸ್ಯೆ ನಮ್ಮದೇ. ಅಂಗಡಿಯ ಹಿರಿಯ ಗುಮಾಸ್ತರು ಕಿರ್ದಿ ಬರೆಯುವುದು ಕನ್ನಡ ಅಂಕಿಯಲ್ಲಿ, ಫೋನಿನಲ್ಲೂ ಹಾಗೇ ಟೈಪ್ ಮಾಡಿದರು: ೭೫. ಪೈಥಾನ್‌ನ ಇಂಟ್ ಇದನ್ನು 75 ಅಂತ ಸರಿಯಾಗಿ ಓದುತ್ತದೆ, ನನಗೇ ಆಶ್ಚರ್ಯ ಆಯಿತು. ಜಾವಾಸ್ಕ್ರಿಪ್ಟ್ ನ್ಯಾನ್ ಅನ್ನುತ್ತದೆ. ಪರಿಹಾರ ಸುಲಭ: ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ೦ ಯ ಕೋಡ್ 3302, ೯ ರದ್ದು 3311. ಈ ನಡುವಿನ ಅಕ್ಷರ ಸಿಕ್ಕಲ್ಲೆಲ್ಲ 3302 ಕಳೆದು ಬಂದ ಅಂಕಿಯನ್ನು ಅಲ್ಲಿ ಹಾಕಿ, ಆಮೇಲೆ ನಂಬರ್‌ಗೆ ಕೊಡಿ. ಅಭ್ಯಾಸ ಬದಲಾಯಿಸಿಕೊಳ್ಳಿ ಅಂತ ಅವರಿಗೆ ಹೇಳುವುದಕ್ಕಿಂತ ಕೋಡ್ ಬದಲಾಯಿಸುವುದೇ ಮರ್ಯಾದೆ.

ಬ್ಯಾಂಕ್ ಖಾತೆ ಸಂಖ್ಯೆ, ಫೋನ್, ಆಧಾರ್ ಇವನ್ನು ನಂಬರ್ ಮಾಡಲೇಬೇಡಿ. ಅವನ್ನು ಯಾರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಮಾಡಿದರೆ ಮುಂದಿನ ಸೊನ್ನೆಗಳು ಉದುರುತ್ತವೆ. ಉದ್ದ ಜಾಸ್ತಿ ಇದ್ದರೆ ಕೊನೆಯ ಅಂಕಿಯೂ ಬದಲಾಗಬಹುದು: ಜಾವಾಸ್ಕ್ರಿಪ್ಟ್ ಪೂರ್ಣಾಂಕಗಳನ್ನು ನಂಬಿಕೆಯಿಂದ ಹಿಡಿದಿಡುವುದು 9007199254740991 ರವರೆಗೆ ಮಾತ್ರ. "9007199254740993" ಕೊಟ್ಟರೆ ಕೊನೆಯಲ್ಲಿ 992 ಬರುತ್ತದೆ. ಯಾರದ್ದೋ ಹಣ ಯಾರದ್ದೋ ಖಾತೆಗೆ.

ದುಡ್ಡನ್ನು ಪೈಸೆಯಲ್ಲಿ ಇಟ್ಟುಕೊಳ್ಳಿ. 4.35 ನ್ನು ನೂರರಿಂದ ಗುಣಿಸಿದರೆ 434.99999999999994 ಬರುತ್ತದೆ, ಪಾರ್ಸ್‌ಇಂಟ್ ಹಾಕಿದರೆ 434 ಆಗಿ ಹಮಾಲಿಯಲ್ಲಿ ಒಂದು ಪೈಸೆ ಹೋಯಿತು. ಮ್ಯಾತ್ ಡಾಟ್ ರೌಂಡ್ ಹಾಕಿ, 435 ಬರುತ್ತದೆ.

ವಾಪಸ್ ಸ್ಟ್ರಿಂಗ್ ಮಾಡುವುದು ಪಟ್ಟಿ ಛಾಪಿಸುವಾಗ ಮಾತ್ರ. ಎರಡು ದಶಾಂಶಕ್ಕೆ ಟುಫಿಕ್ಸ್ಡ್ ಇದೆ, ಆದರೆ ಅದು ಕೊಡುವುದು ಸ್ಟ್ರಿಂಗ್ ಅನ್ನುವುದನ್ನು ಮರೆತು ಮತ್ತೆ ಕೂಡಿಸಿದರೆ "4.503.25" ಥರ ಏನೋ ಬರುತ್ತದೆ. ಕ್ರಮವಾಗಿ ಜೋಡಿಸುವ ಸಾರ್ಟ್ ಕೂಡ ಹೀಗೇ ಕೈಕೊಡುತ್ತದೆ. ಹೋಲಿಸುವ ಫಂಕ್ಷನ್ ಕೊಡದಿದ್ದರೆ ನಂಬರ್‌ಗಳನ್ನೂ ಸ್ಟ್ರಿಂಗ್ ಮಾಡಿಯೇ ಹೋಲಿಸುತ್ತದೆ, ಆಗ 9, 75, 150 ಅನ್ನುವುದು 150, 75, 9 ಆಗಿ ಕೂರುತ್ತದೆ.

1,25,000 ಅಂತ ನಮ್ಮ ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಬೇಕಿದ್ದರೆ ಟುಲೋಕೇಲ್‌ಸ್ಟ್ರಿಂಗ್‌ಗೆ "ಇಎನ್-ಐಎನ್" ಕೊಡಿ. ಗುಮಾಸ್ತರಿಗೆ ಕನ್ನಡ ಅಂಕಿಯೇ ಬೇಕು ಅಂದರೆ "ಕೆಎನ್-ಐಎನ್-ಯು-ಎನ್‌ಯು-ಕೆಎನ್‌ಡಿಎ" ಕೊಡಿ, 1250 ಇದ್ದದ್ದು ೧,೨೫೦ ಆಗುತ್ತದೆ. ಬರೀ "ಕೆಎನ್-ಐಎನ್" ಕೊಟ್ಟರೆ 1,250 ಆಗಿಯೇ ಉಳಿಯುತ್ತದೆ, ಇದಕ್ಕೆ ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.