ಚಾಮುಂಡಿ ಬೆಟ್ಟದ ಕಾಡು ನೋಡಬೇಕೇ? ಮೆಟ್ಟಿಲು ಹತ್ತಿ

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಅಂದರೆ ದೇವಸ್ಥಾನ, ಹಣ್ಣುಕಾಯಿ, ಕ್ಯೂ. ಬೆಟ್ಟದ ಮೈತುಂಬ ಇರುವುದು ಮೀಸಲು ಅರಣ್ಯ ಅನ್ನುವುದು ಕಾರಲ್ಲಿ ಹೋಗಿ ಬರುವವರಿಗೆ ಗೊತ್ತೇ ಆಗುವುದಿಲ್ಲ.

ಮೊದಲು ದಿನ ನೋಡಿಕೊಳ್ಳಿ. ಆಷಾಢ ಶುಕ್ರವಾರ ಬೇಡ, ಕಾಲಿಡಲು ಜಾಗವಿರುವುದಿಲ್ಲ. ಮಿಕ್ಕಂತೆ ವರ್ಷವಿಡೀ ಹೋಗಬಹುದು. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ಮಂಜು. ಬೇಸಿಗೆಯಲ್ಲಿ ಹುಲ್ಲು ಒಣಗಿ ಒಂದು ಕಿಡಿಗೆ ಕಾದಿರುತ್ತದೆ, ಬೀಡಿ ಸಿಗರೇಟು ಮನೆಯಲ್ಲೇ ಬಿಟ್ಟು ಬನ್ನಿ. ನನ್ನ ಕೇಳಿದರೆ, ಮೊದಲ ಮಳೆ ಬಿದ್ದ ಮಾರನೇ ದಿನ ಹೋಗಿ. ಆ ಮಣ್ಣಿನ ವಾಸನೆಗೇ ಅರ್ಧ ಸುಸ್ತು ಇಳಿಯುತ್ತದೆ.

ನೀರು ಸ್ಟೀಲ್ ಬಾಟಲಿಯಲ್ಲಿರಲಿ. ಕೈಯಲ್ಲಿ ಕವರ್ ಹಿಡಿಯಲೇಬೇಡಿ. ಒಮ್ಮೆ ನಾನು ಬಾಳೆಹಣ್ಣಿನ ಕವರ್ ಹಿಡಿದು ಹೊರಟಿದ್ದೆ. ಮರಿ ಕಟ್ಟಿಕೊಂಡ ಕೋತಿಯೊಂದು ಹಿಂದಿನಿಂದ ಬಂದು, ಕವರಿನ ತಳ ಹರಿದು, ಬಿದ್ದ ಹಣ್ಣನ್ನು ನನ್ನೆದುರೇ ಸುಲಿದು ತಿಂದಿತು. ಸಿಪ್ಪೆ ಮಾತ್ರ ನನಗೆ ಬಿಟ್ಟಿತು.

ಆಟೋದವರಿಗೆ ‘ಬೆಟ್ಟದ ಪಾದ’ ಅಂದರೆ ಸಾಕು, ಮೆಟ್ಟಿಲ ಬುಡಕ್ಕೇ ಬಿಡುತ್ತಾರೆ. ಬೆಳಕು ಹರಿದ ಮೇಲೆ ಶುರು ಮಾಡಿ. ಈ ಕಾಡಲ್ಲಿ ಚಿರತೆ ಇದೆ. ಕತ್ತಲಲ್ಲಿ ಓಡಾಡುವುದು, ಫೋಟೋ ಆಸೆಗೆ ಪೊದೆಗೆ ನುಗ್ಗುವುದು ಎರಡೂ ಬೇಡ.

ಮೆಟ್ಟಿಲು ಸಾವಿರದ ಮೇಲಿವೆ. ಶುರುವಿನಲ್ಲೇ ಏರು ಜಾಸ್ತಿ, ಅಲ್ಲಿ ಪೌರುಷ ತೋರಿಸಬೇಡಿ. ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರು ಸಿಗುತ್ತಾರೆ. ಅವರ ವೇಗವೇ ಸರಿಯಾದ ವೇಗ. ಎರಡು ನಿಮಿಷ ಸುಮ್ನೆ ನಿಂತರೆ ಸಾಕು, ಎಲ್ಲೋ ನವಿಲು ಕೂಗುತ್ತದೆ.

ಸುಮಾರು 700 ಮೆಟ್ಟಿಲಾದ ಮೇಲೆ ನಂದಿ. ದೊಡ್ಡ ದೇವರಾಜ ಒಡೆಯರ್ (1659–1673) ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು, ಎತ್ತರ 15 ಅಡಿಯಷ್ಟು. ಕೊರಳ ಗಂಟೆಗಳ ಸಾಲನ್ನು ಹತ್ತಿರದಿಂದ ನೋಡಿ. ಮೆಟ್ಟಿಲೂ ಅದೇ ದೊರೆ ಮಾಡಿಸಿದ್ದು. ಇಲ್ಲಿ ಕೂತು ಬೆವರು ಆರಿಸಿಕೊಂಡರೆ ಉಳಿದ 300 ಲೆಕ್ಕಕ್ಕಿಲ್ಲ.

ತುದಿ ಸಮುದ್ರಮಟ್ಟದಿಂದ ಸುಮಾರು 3,500 ಅಡಿ ಎತ್ತರ. ಕೆಳಗೆ ಬೆಳ್ಳಗಿನ ಲಲಿತ ಮಹಲ್, ರೇಸ್ ಕೋರ್ಸಿನ ಸುತ್ತು, ಕಾರಂಜಿ ಕೆರೆ. ನಿಮ್ಮ ಮನೆ ಯಾವ ಕಡೆ ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಇಳಿಯುವಾಗಲೇ ಮಂಡಿ ಜಾಸ್ತಿ ನೋಯುವುದು, ಅಲ್ವಾ? ನಲವತ್ತು ದಾಟಿದವರು 201ನೇ ನಂಬರಿನ ಸಿಟಿ ಬಸ್ ಹತ್ತಿಬಿಡಿ. ನಾನಂತೂ ಈಗ ಹಾಗೇ ಮಾಡುವುದು.