ಬಿಡುಗಡೆಗೆ ಮೊದಲು ಮನೆಗೆ ಹೋಗಬೇಕು

ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕನಾದೆ. ವಕೀಲನಲ್ಲ, ವಕೀಲರಿಗೂ ಜನರಿಗೂ ನಡುವೆ ಓಡಾಡುವವನು. ಶಿವಮೊಗ್ಗದ ಆಚೆ ಸೋಗಾನೆಯಲ್ಲಿರುವ ಕೇಂದ್ರ ಕಾರಾಗೃಹಕ್ಕೆ ಹೋಗಿ ಕೈದಿಗಳ ಅರ್ಜಿ ಬರೆದುಕೊಡುತ್ತೇನೆ, ಅವರ ಮನೆಗೆ ಸುದ್ದಿ ಮುಟ್ಟಿಸುತ್ತೇನೆ.

ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಕಳ್ಳತನದ ಕೇಸಿನಲ್ಲಿ ಶಿಕ್ಷೆ ಮುಗಿಸಿದ ಹುಡುಗನೊಬ್ಬನನ್ನು ಗೇಟಿನಿಂದಲೇ ಕರೆದುಕೊಂಡು, ಆಯನೂರು ದಾಟಿ ರಿಪ್ಪನ್‌ಪೇಟೆ ಕಡೆಯ ಅವನ ಹಳ್ಳಿಗೆ ಹೋದೆ. ಅಣ್ಣ ಬಾಗಿಲಿಗೆ ಅಡ್ಡ ನಿಂತ. "ಯಾರನ್ನ ಕೇಳಿ ಕರ್ಕೊಂಡು ಬಂದ್ರಿ ಮೇಷ್ಟ್ರೇ? ಮಗಳಿಗೆ ಗಂಡು ನೋಡ್ತಾ ಇದೀವಿ." ಹುಡುಗ ಜಗಲಿ ಹತ್ತಲೇ ಇಲ್ಲ. ನಾಲ್ಕು ತಿಂಗಳಿಗೆ ಇನ್ನೊಂದು ಕಳ್ಳತನದಲ್ಲಿ ಸಿಕ್ಕಿಬಿದ್ದು ಮತ್ತೆ ಒಳಗೆ ಬಂದಿದ್ದ. ನನ್ನನ್ನು ನೋಡಿ ತಲೆ ತಗ್ಗಿಸಿದ. ತಗ್ಗಿಸಬೇಕಾದವನು ನಾನು.

ಅಂದಿನಿಂದ ಯಾರದ್ದಾದರೂ ಬಿಡುಗಡೆ ಹತ್ತಿರ ಬಂತು ಅಂದರೆ ಮೊದಲು ಅವರ ಮನೆಗೆ ಹೋಗುತ್ತೇನೆ. ಕನಿಷ್ಠ ಎರಡು ಸಲ.

ಹಾಗೆ ಹೋದದ್ದರಲ್ಲಿ ಮರೆಯಲಾಗದವನು ಒಬ್ಬನಿದ್ದಾನೆ. ಬೇಲಿ ಜಗಳದಲ್ಲಿ ಕತ್ತಿ ಬೀಸಿ ಪಕ್ಕದ ಮನೆಯವನನ್ನು ಕೊಂದಿದ್ದ. ಜೀವಾವಧಿ ಶಿಕ್ಷೆ. 14 ವರ್ಷದ ಮೇಲೆ ಸನ್ನಡತೆಯ ಪಟ್ಟಿಯಲ್ಲಿ ಹೆಸರು ಬಂತು. ಇಂಥ ಬಿಡುಗಡೆಗೆ ಪೊಲೀಸರ ವರದಿ ತರಿಸುತ್ತಾರೆ, ನಿಜ. ಆದರೆ ಊರಿನವರ ಮನಸ್ಸು ಆ ಹಾಳೆಯಲ್ಲಿ ಪೂರ್ತಿ ಬರೋದಿಲ್ಲ. ನಾನೇ ಹೋದೆ. ಅವನ ಅಕ್ಕ ಬೇಗ ಒಪ್ಪಿದಳು, ಕೊಟ್ಟಿಗೆ ಪಕ್ಕದ ಕೋಣೆ ಸಾರಿಸಿಡುತ್ತೇನೆ ಅಂದಳು. ಆಮೇಲೆ ಸತ್ತವನ ತಾಯಿಯ ಮನೆಗೂ ಹೋದೆ. ಹೋಗಬೇಡಿ ಅಂದವರೇ ಜಾಸ್ತಿ. ಆದರೆ ಆ ತಾಯಿ ಅವನನ್ನು ಬಸ್‌ಸ್ಟಾಪಿನಲ್ಲಿ ಇದ್ದಕ್ಕಿದ್ದಂತೆ ನೋಡಬಾರದು, ಅಲ್ವಾ? ಕ್ಷಮಿಸಿ ಅಂತ ನಾನು ಕೇಳಲಿಲ್ಲ. ತಾರೀಕು ಹೇಳಿದೆ, ಅಷ್ಟೆ. ಅಂಗಳ ಗುಡಿಸುತ್ತಿದ್ದವರು ಪೊರಕೆ ಹಿಡಿದೇ ಕೇಳಿದರು: "ಅವನು ಬರ್ತಾನೆ. ನನ್ನ ಮಗ?" ಸುಮ್ನೆ ನಿಂತಿದ್ದೆ. ಹೊರಡುವಾಗ ಅವರೇ ಹೇಳಿದರು, "ಈ ದಾರೀಲಿ ಓಡಾಡಬಾರದು ಅಂತ ಹೇಳಿ."

ಅವನು ಬಂದ ಮೊದಲ ವಾರ ಪೂರ್ತಿ ಕಾಗದಕ್ಕೇ ಹೋಯಿತು. ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಇಲ್ಲ, ಒಟಿಪಿ ಎಲ್ಲಿಗೆ ಬರಬೇಕು? ಜೈಲಿನಲ್ಲಿ ದುಡಿದ ಕೂಲಿ ಬ್ಯಾಂಕಿನಲ್ಲಿದೆ, ತೆಗೆಯಲು ಬರೋದಿಲ್ಲ. ಇದನ್ನೆಲ್ಲ ಒಳಗಿರುವಾಗಲೇ ಮುಗಿಸಿದ್ದರೆ ಆ ವಾರ ಅವನು ಕೆಲಸ ಹುಡುಕಬಹುದಿತ್ತು. ಈಗ ಎಲ್ಲರಿಗೂ ಬಿಡುಗಡೆಗೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಿಸುತ್ತೇನೆ.

ಅಪರಾಧ ತಡೆಯೋದು ಅಂದರೆ ಪೊಲೀಸ್ ಗಸ್ತು ಅಂತಲೇ ನಾವು ತಿಳಿದಿದ್ದೇವೆ. ಜಾಮೀನು ಸಿಕ್ಕಿಯೂ ಜಾಮೀನುದಾರರಿಲ್ಲದೆ ಒಳಗೇ ಉಳಿಯುವ ಹುಡುಗರನ್ನು ನೋಡಿದರೆ ನನಗೆ ಹಾಗನ್ನಿಸೋದಿಲ್ಲ. ಅವರು ಅಲ್ಲಿ ಯಾರ ಜೊತೆ ಸೇರುತ್ತಾರೆ, ಏನು ಕಲಿಯುತ್ತಾರೆ ಅನ್ನೋದೇ ಭಯ. ಜಾಮೀನು ಸಿಕ್ಕಿ 7 ದಿನದಲ್ಲಿ ಹೊರಗೆ ಬರದಿದ್ದರೆ ಜೈಲಿನವರು ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ವಿಚಾರಣಾಧೀನ ಬಡ ಕೈದಿಗಳ ಜಾಮೀನಿಗೆ ಹಣ ಕೊಡುವ ಕೇಂದ್ರದ ಯೋಜನೆಯೂ ಇದೆ. ವಕೀಲರಂತೂ ಪುಕ್ಕಟೆ, ಬಂಧನದಲ್ಲಿರುವವರಿಗೆ ಆದಾಯದ ಮಿತಿ ಕೂಡ ಇಲ್ಲ. 15100ಕ್ಕೆ ಫೋನ್ ಮಾಡಿದರೆ ಸಾಕು. ಮನೆಯವರಿಗೆ ಇದು ಗೊತ್ತೇ ಇರೋದಿಲ್ಲ, ಜಾಮೀನಿಗೆ ಅಂತ ಹಸು ಮಾರಿಕೊಂಡು ಬರುತ್ತಾರೆ.

ಮತ್ತೆ ಆ ಜೀವಾವಧಿ ಶಿಕ್ಷೆಯವನ ವಿಷಯಕ್ಕೆ ಬರುತ್ತೇನೆ. ಅದು ಅಡಿಕೆ ಸುಲಿಯುವ ಕಾಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಆಳು ಬೇಕಿತ್ತು. ಕೇಳಿದೆ. ವಿದ್ಯಾರ್ಥಿ ಯೋಚನೆಗೆ ಬಿದ್ದ. ಅಡಿಕೆ ಕೊನೆ ಹೊರಲಿ, ಅಡಿಕೆ ಬೇಯಿಸುವ ಚೊಗರಿನ ಹಂಡೆಗೆ ಬೆಂಕಿ ಹಾಕಲಿ ಅಂದ. ಸುಲಿಯುವ ಮೆಟ್ಟುಗತ್ತಿ ಮಾತ್ರ ಬೇಡ. ಸುಲಿಯಲು ಬರುವ ಹೆಂಗಸರು ಹೆದರುತ್ತಾರೆ. ಕತ್ತಿ ಅಲ್ವಾ, ಅವನ ಕೇಸೂ ಕತ್ತಿಯದೇ.

ಹತ್ತು ದಿನ ಅವನು ಹೊರಗೇ ಇದ್ದ, ಒಲೆಯ ಹತ್ತಿರ. ಹನ್ನೊಂದನೆಯ ರಾತ್ರಿ ಸುಲಿಯುವವರು ಇಬ್ಬರು ಬರಲಿಲ್ಲ, ರಾಶಿ ಹಾಗೇ ಬಿದ್ದಿತ್ತು. ನಾನೂ ಅಲ್ಲಿದ್ದೆ. ಮನೆಯ ಅಜ್ಜಿ ಒಳಗಿಂದ ಒಂದು ಮೆಟ್ಟುಗತ್ತಿ ತಂದು ಚಾಪೆಯ ತುದಿಯಲ್ಲಿ ಇಟ್ಟು, "ಬಾರೋ, ಕೂತ್ಕೋ" ಅಂದರು. ಅವನು ಕೈ ಒರೆಸಿಕೊಂಡು ಬಂದ. ತುಂಬ ಹೊತ್ತು ಕತ್ತಿಯ ಮಣೆ ಮುಟ್ಟಲಿಲ್ಲ. ಆಮೇಲೆ ಒಂದು ಅಡಿಕೆ ಎತ್ತಿಕೊಂಡ. 14 ವರ್ಷ ಬಿಟ್ಟಿದ್ದ ಕೈ, ಮೊದಲ ನಾಲ್ಕೈದು ಕಾಯಿ ಒಡೆದುಹೋದವು. ಪಕ್ಕದ ಹೆಂಗಸು ತನ್ನ ಕುಕ್ಕೆಯನ್ನು ಸ್ವಲ್ಪ ಅತ್ತ ಎಳೆದುಕೊಂಡಳು, ಆದರೆ ಎದ್ದು ಹೋಗಲಿಲ್ಲ.

ಈಗ ಮೂರನೆಯ ಸುಗ್ಗಿ. ಅವನು ಅದೇ ಮನೆಯಲ್ಲಿ ಸುಲಿಯುತ್ತಾನೆ. ರೇಷನ್ ಅಂಗಡಿಗೆ ಹೋಗುವಾಗ ಆ ತಾಯಿಯ ಮನೆಯ ದಾರಿ ಬಿಟ್ಟು, ಗುಡ್ಡ ಬಳಸಿ ಹೋಗುತ್ತಾನೆ. ಅರ್ಧ ಗಂಟೆ ಜಾಸ್ತಿ. ನಾನು ಆ ಕಡೆ ಹೋದಾಗಲೆಲ್ಲ ಅವರ ಅಂಗಳದಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ. ನೀರು ಕೊಡುತ್ತಾರೆ. ಅವನ ಬಗ್ಗೆ ಅವರು ಇನ್ನೂ ಕೇಳಿಲ್ಲ, ನಾನೂ ಹೇಳಿಲ್ಲ.